ಕಳಚಿಟ್ಟ ತಗಡು

ಏರು ಆರಂಭವಾದ ಮೊದಲ ತಿರುವಿನಲ್ಲೇ ಅವನ ಮೂಗಿಗೆ ಆ ವಾಸನೆ ತಾಗಿತು. ತಾಗಿದ್ದು ನಿಜವೋ ಭ್ರಮೆಯೋ ಎಂದು ತೀರ್ಮಾನಿಸುವಷ್ಟರಲ್ಲಿ ಇಲ್ಲವಾಯಿತು. ಸ್ಟಿಯರಿಂಗ್ ಹಿಡಿದ ಕೈಗಳು ತಮ್ಮಷ್ಟಕ್ಕೆ ಬಿಗಿದುಕೊಂಡವು. ಪಕ್ಕದಲ್ಲಿ ಹೆಂಡತಿ ನೀಲಗಿರಿ ಎಣ್ಣೆ ಹನಿಸಿದ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು; ತಿರುವುಗಳ ದಾರಿಯೆಂದರೆ ಅವಳಿಗೆ ಹೊಟ್ಟೆ ತೊಳಸುತ್ತದೆ. ಹಿಂದಿನ ಸೀಟಿನಲ್ಲಿ ಮಾವ ಬಾಗಿಲಿಗೆ ಬೆನ್ನು ಕೊಟ್ಟು, ಪ್ಲಾಸ್ಟರ್ ಹಾಕಿದ ಕಾಲನ್ನು ಸೀಟಿನುದ್ದಕ್ಕೂ ಚಾಚಿ, ಅದರ ಕೆಳಗೆ ದಿಂಬು ಸೇರಿಸಿಕೊಂಡು, ಹೊರಗೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಟೈರಿನ ಅಂಗಡಿಯ ಫಲಕ, ಸಿಮೆಂಟಿನ ಜಾಹೀರಾತು, 'ನಿಧಾನವಾಗಿ ಚಲಿಸಿ'. "ಇನ್ನೂ ನಿಧಾನ ಅಂದ್ರೆ ನಡ್ಕೊಂಡೇ ಹೋಗ್ಬೇಕು ಅಳಿಯಂದಿರೇ," ಎಂದರು. ಅವನು ನಕ್ಕನು. ನಗುತ್ತಲೇ ಉಸಿರನ್ನು ಮೆಲ್ಲಗೆ ಒಳಗೆಳೆದುಕೊಂಡನು. ಏನೂ ಇರಲಿಲ್ಲ. ಆದರೆ ಏನೂ ಇಲ್ಲದ ಆ ಗಾಳಿಯ ತಳದಲ್ಲಿ ಏನೋ ಇತ್ತು. ಕಮಟು, ಅದರೊಳಗೆ ಎಲ್ಲೋ ಅಸಹ್ಯವಾದ ಸಿಹಿ. ಪ್ಲಾಸ್ಟಿಕ್ಕು ಕರಗುವ ಮುನ್ನ ಬೆವರಿದರೆ ಹೀಗೇ ಬಂದೀತು ಎಂದು ಅವನಿಗನ್ನಿಸಿತು. ಬಾನೆಟ್ಟಿನ ಕಡೆ ನೋಡಿದನು. ಬಿಸಿಲಿಗೆ ಅದು ಮಿಂಚುತ್ತಿತ್ತು. ಅದರ ಕೆಳಗೆ, ಅವನೇ ತನ್ನ ಕೈಯಾರೆ ಬತ್ತಲೆ ಮಾಡಿದ ಕಬ್ಬಿಣದ ಗಡ್ಡೆಯೊಂದು ಈಗ ಕೆಂಪಗೆ ಕಾಯುತ್ತಿರಬೇಕು.

ಆ ಗಡ್ಡೆಗೆ ಟರ್ಬೊ ಎಂದು ಹೆಸರು. ಎಂಜಿನ್ನು ಉಗುಳಿದ ಬಿಸಿ ಹೊಗೆಯಿಂದಲೇ ಗಿರ್ರನೆ ತಿರುಗಿ ಅದೇ ಎಂಜಿನ್ನಿಗೆ ಗಾಳಿ ಊದುವ, ಬಸವನಹುಳುವಿನ ಚಿಪ್ಪಿನಂಥ ಸಾಧನ. ಕಾರು ಕೊಂಡ ಹೊಸದರಲ್ಲಿ ಈ ಪದವನ್ನು ಅವನು ನೆಂಟರ ಎದುರು ಎರಡು ಮೂರು ಬಾರಿ ಬೇಕೆಂದೇ ಉಚ್ಚರಿಸಿದ್ದನು. ಅದರ ಮೇಲೊಂದು ತಗಡಿನ ಹೊದಿಕೆಯಿತ್ತು. ಒಳಗಿನ ಬಿಸಿ ಪಕ್ಕದ ವೈರುಗಳಿಗೂ ರಬ್ಬರಿನ ಕೊಳವೆಗಳಿಗೂ ತಗಲದಂತೆ ತಡೆಯುವುದು ಅದರ ಕೆಲಸ. ಆ ತಗಡು ಹಾಡುತ್ತಿತ್ತು. ಕಾರು ಒಂದು ವೇಗಕ್ಕೆ ಬಂದೊಡನೆ, ಹಲ್ಲಿಗೆ ಹಲ್ಲು ತಾಗಿದಂತೆ ಝಿರ್ರ್ ಎಂದು ಆರಂಭಿಸಿ, ವೇಗ ಏರಿದರೆ ಸುಮ್ಮನಾಗಿ, ಇಳಿದರೆ ಮತ್ತೆ ಶುರುವಿಟ್ಟುಕೊಳ್ಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದು ವಾರದಲ್ಲಿ ಆ ಸದ್ದಿಗೆ ಒಗ್ಗಿಕೊಳ್ಳುತ್ತಿದ್ದರು. ಅವನಿಗೆ ಸಾಧ್ಯವಿರಲಿಲ್ಲ. ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವುದು ಅವನ ಉದ್ಯೋಗ. ಹಗಲೆಲ್ಲ ಸದ್ದು ನುಸುಳದ ಒಂದು ಸಣ್ಣ ಕೋಣೆಯ ಗಾಜಿನಾಚೆ ಕೂತು, ಒಳಗಿರುವವರ ಕಿವಿಗೆ ಸೂಜಿಯಷ್ಟು ತೆಳ್ಳಗಿನ ನಾದಗಳನ್ನು ಕಳಿಸಿ, ಕೇಳಿಸಿತೆಂದು ಅವರು ಬೆರಳೆತ್ತುವುದನ್ನೇ ಕಾಯುವವನು. ಮನೆಗೆ ಬಂದರೆ ಫ್ರಿಜ್ಜಿನ ಗುನುಗೂ ಅವನಿಗೆ ತಲೆನೋವು. ಆದರೂ ತಗಡನ್ನು ತೆಗೆಸಿದ್ದು ಆ ಸದ್ದಲ್ಲ, ಮಾವನ ಮಾತು. ಅವರು ಬಂದ ದಿನವೇ, ನಿಲ್ದಾಣದಿಂದ ಮನೆಗೆ ಕರೆತರುವಾಗ, ಹಿಂದಿನ ಸೀಟಿನಿಂದ ಅವರು ಹೇಳಿದ್ದರು: "ಈ ಕಾರಿಗೆ ಹಾರ್ನ್ ಯಾಕೆ ಹಾಕಿಸಿದ್ದೀರಿ ಅಳಿಯಂದಿರೇ? ಬರ್ತಿರೋದು ಊರಿಗೇ ಗೊತ್ತಾಗುತ್ತಲ್ಲ!" ಹೆಂಡತಿ ನಕ್ಕಿದ್ದಳು. ತಡೆಯಲು ನೋಡಿ, ಆಗದೆ, ಮೂಗಿನಿಂದ ನಕ್ಕಿದ್ದಳು.

ರಜೆಯ ದಿನ ಬೆಳಿಗ್ಗೆ ಬಾನೆಟ್ಟು ಎತ್ತಿ ಅವನೇ ಪಾನಾ ಹಿಡಿದು ನಿಂತನು. ಕಾರು ನಿಲ್ಲಿಸುವ ಜಾಗ ಮಾವನ ಕೋಣೆಯ ಕಿಟಕಿಯ ಕೆಳಗೇ ಇತ್ತು. ಅಷ್ಟರಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಆ ಕಿಟಕಿಯಲ್ಲೇ ನೆಲೆಯೂರಿದ್ದರು. "ಕಾರಿನ ಹೊಟ್ಟೆ ಕುಯ್ದು ಏನು ಹುಡುಕ್ತಿದ್ದೀರಿ? ಸೂಜಿ ಗೀಜಿ ನುಂಗ್ಬಿಡ್ತಾ?" ಎಂದು ಮೇಲಿನಿಂದ ಕೇಳಿದರು. ಅವನು ಪಾನಾವನ್ನು ಒಮ್ಮೆಲೇ ಜಗ್ಗಿದನು. ತುಕ್ಕು ಹಿಡಿದ ಬೋಲ್ಟಿನ ತಲೆ ಕಟಕ್ಕನೆ ಮುರಿದು ಕೈಗೆ ಬಂತು. ಇನ್ನು ಅದನ್ನು ಮರಳಿ ಕೂರಿಸುವಂತಿರಲಿಲ್ಲ. ಮಿಕ್ಕ ಬೋಲ್ಟುಗಳನ್ನೂ ಬಿಚ್ಚಿ, ತಗಡನ್ನು ಕಂಕುಳಲ್ಲಿಟ್ಟುಕೊಂಡು, ಕದ್ದ ಮಾಲು ಸಾಗಿಸುವವನಂತೆ ಹಿತ್ತಲಿಗೆ ಹೋಗಿ ಹೂಕುಂಡಗಳ ಹಿಂದೆ ತುರುಕಿದನು. ಸಂಜೆ ಒಂದು ಸುತ್ತು ಹೋಗಿ ಬಂದನು. ಕಾರು ಬೆಕ್ಕಿನಂತೆ ಓಡಿತು. ಆ ನಿಶ್ಶಬ್ದದಲ್ಲಿ ಅವನಿಗೆ ದೊರೆತ ಸಂತೋಷ ಒಂದು ರಾತ್ರಿಯ ಮಟ್ಟಿಗೆ ಬಾಳಿತು. ಮರುದಿನ ಊಟದ ವಿರಾಮದಲ್ಲಿ ಆಸ್ಪತ್ರೆಯ ಹಿಂದಿನ ಬೀದಿಯ ಮೆಕ್ಯಾನಿಕ್ಕನ ಬಳಿಗೆ ಹೋಗಿ, ಸುಮ್ಮನೆ ಕೇಳುವವನಂತೆ ಕೇಳಿದನು: ಟರ್ಬೊ ಮೇಲಿನ ತಗಡು ಇಲ್ಲದಿದ್ದರೆ ನಡೆಯುತ್ತದೆಯೇ?

"ಯಾರ ಕಾರಿಗೆ ಸಾರ್?"

"ಸ್ನೇಹಿತರೊಬ್ಬರದು."

ಮೆಕ್ಯಾನಿಕ್ಕನು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, "ಊರೊಳಗೆ ಓಡಿಸೋರಾದ್ರೆ ಏನೂ ಆಗಲ್ಲ ಬಿಡಿ. ಎಷ್ಟೋ ಜನ ಬಿಚ್ಚಿ ಬಿಸಾಕಿದ್ದಾರೆ. ಆದ್ರೆ ಜನ ತುಂಬ್ಕೊಂಡು ಏರು ಹತ್ತಿಸಿ, ಅರ್ಧ ದಾರೀಲಿ ನಿಲ್ಸಿದ್ರು ಅಂದ್ಕೊಳ್ಳಿ... ಓಡ್ತಾ ಇರೋವರೆಗೆ ಗಾಳಿ ಆಡ್ತಿರುತ್ತೆ ಸಾರ್. ನಿಂತ್ಮೇಲೆ ಆ ಬಿಸಿ ಎಲ್ಲಿಗೆ ಹೋಗ್ಬೇಕು? ಪಕ್ಕದ ವೈರಿಗೆ. ಬ್ರೇಕ್ ಆಯಿಲ್ ಡಬ್ಬಿಗೆ."

"ಅಂದ್ರೆ ಬೇಕೋ ಬೇಡವೋ?"

"ಇದ್ರೆ ಒಳ್ಳೇದು." ಆಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕು, "ನಿಮ್ಮ ಸ್ನೇಹಿತರನ್ನ ಕರ್ಕೊಂಡ್ ಬನ್ನಿ ಸಾರ್, ಹಾಕಿ ಕೊಡ್ತೀನಿ," ಎಂದನು. ಆ ನಗೆಯಿಂದಾಗಿಯೇ ಅವನು ಮತ್ತೆ ಅತ್ತ ಹೋಗಲಿಲ್ಲ. ಸ್ನೇಹಿತನೆಂಬುವನೊಬ್ಬನನ್ನು ಹುಟ್ಟಿಸಿದ ಮೇಲೆ ಆ ಸ್ನೇಹಿತನ ಕಾರನ್ನೇ ತಾನು ಓಡಿಸಿಕೊಂಡು ಹೋಗುವುದು ಹೇಗೆ? ಇಷ್ಟು ಚಿಲ್ಲರೆ ಕಾರಣಕ್ಕಾಗಿ ಮೂರು ಜನ ಸಾಯಬಹುದೇ ಎಂದು ಈಗ, ಎರಡನೆಯ ತಿರುವಿನಲ್ಲಿ ಗೇರು ಇಳಿಸುತ್ತ, ಅವನು ತನ್ನನ್ನೇ ಕೇಳಿಕೊಂಡನು. ಎಂಜಿನ್ನು ಗೊಣಗಿತು. ವಾಸನೆ ಮತ್ತೆ ಬಂತು. ಈ ಸಲ ಸಂದೇಹವಿರಲಿಲ್ಲ. ಅಥವಾ ಸಂದೇಹವಿಲ್ಲವೆನ್ನುವುದೇ ಸಂದೇಹಕ್ಕೆ ಎಡೆಮಾಡುತ್ತಿತ್ತು. ಗಾಜಿನ ಕೋಣೆಯೊಳಗೆ ಕೂತವರಲ್ಲಿ ಎಷ್ಟೋ ಮಂದಿ, ಅವನು ಏನನ್ನೂ ಕಳಿಸದಿದ್ದಾಗಲೂ ಬೆರಳೆತ್ತುತ್ತಾರೆ. ಸುಳ್ಳು ಹೇಳುವವರಲ್ಲ ಅವರು. ಕೇಳಿಸದೆ ಹೋದೀತೆಂಬ ಭಯಕ್ಕೆ ಅವರ ಕಿವಿಯೊಳಗೆ ನಿಜವಾಗಿಯೂ ಒಂದು ನಾದ ಹುಟ್ಟಿಬಿಡುತ್ತದೆ. ತನ್ನ ಮೂಗೂ ಹಾಗೆಯೇ ಬೆರಳೆತ್ತುತ್ತಿದೆಯೆಂದು ನಂಬಲು ಅವನು ಯತ್ನಿಸಿದನು. ಆ ಯತ್ನದಲ್ಲಿ ಅಂಗೈ ಬೆವರಿ ಸ್ಟಿಯರಿಂಗ್ ಜಾರಿತು.

"ನಿನಗೇನಾದ್ರೂ ವಾಸನೆ ಬರ್ತಿದೆಯಾ?" ಎಂದು ಮೆಲ್ಲನೆ ಹೆಂಡತಿಯನ್ನು ಕೇಳಿದನು.

"ನೀಲಗಿರಿ ಎಣ್ಣೇದು," ಎಂದಳು ಅವಳು ಕಣ್ಣು ತೆರೆಯದೆ. "ಮಾತಾಡಿಸ್ಬೇಡ್ರೀ. ಬಾಯಿ ತೆಗೆದ್ರೆ ವಾಂತಿ ಬರೋ ಹಾಗಿದೆ."

ಹಿಂದೆ ಮಾವನ ಓದು ಥಟ್ಟನೆ ನಿಂತಿತು. "ವಾಸನೆಯಾ? ಎಂಥ ವಾಸನೆ?" ಅವರ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. "ನನಗೇನೂ ಇಲ್ಲಪ್ಪ. ಏನೂ ಇಲ್ಲ. ಕಿಟಕಿ ಸ್ವಲ್ಪ ಇಳಿಸಿ ಅಳಿಯಂದಿರೇ, ಗಾಳಿ ಬರ್ಲಿ." ಅವನು ಗುಂಡಿ ಒತ್ತಿ ಗಾಜು ಇಳಿಸಿದನು. ಪೌಡರ್ ಡಬ್ಬಿ ಅಲುಗಿಸಿದ ಸದ್ದಾಯಿತು. ಮಲ್ಲಿಗೆಯ ಘಮ ಕಾರಿನೊಳಗೆ ಹಬ್ಬಿತು. ಈಚೆಗೆ ಅವರಿಗೆ ಪೌಡರಿನ ಹುಚ್ಚು ಹೆಚ್ಚಾಗಿತ್ತು. ಪ್ಲಾಸ್ಟರಿನೊಳಗೆ ತುರಿಕೆಯೆಂದು ಅದರ ಅಂಚಿಗೆಲ್ಲ ಸುರಿದುಕೊಳ್ಳುತ್ತಿದ್ದರು, ಹಾಸಿಗೆಯೆಲ್ಲ ಬೆಳ್ಳಗಾಗುತ್ತದೆಂದು ಮಗಳು ರೇಗುತ್ತಿದ್ದಳು. ಅದಾದ ಮೇಲೆ ಅವರು ಉಸಿರು ಕಟ್ಟಿದವರಂತೆ ಕಥೆಯೊಂದನ್ನು ಶುರುಮಾಡಿದರು. ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿದ್ದ ಕಾಲದ್ದು. ಅವನು ಎಷ್ಟೋ ಬಾರಿ ಕೇಳಿದ್ದು. "ಟಿಕೆಟ್ ಇಲ್ದೋನ ಮುಖ ನೋಡ್ಬಾರ್ದು ಅಳಿಯಂದಿರೇ, ಮುಖ ನಾಟಕ ಆಡುತ್ತೆ. ಕತ್ತು ನೋಡ್ಬೇಕು. ಕತ್ತಿಗೆ ನಾಟಕ ಬರಲ್ಲ. ಹಿಂದಿನಿಂದ ನೋಡಿದ್ರೆ ಅಲ್ಲೊಂದು ನರ ಎದ್ದು ಕೂತಿರುತ್ತೆ." ಅವನ ಕತ್ತು ಬಿಸಿಯಾಯಿತು. ಓರೆಯಾಗಿ ಕೂತ ಅವರ ದೃಷ್ಟಿಗೆ ಅದು ನೇರವಾಗಿಯೇ ಬೀಳುತ್ತಿರಬೇಕು. ಕಾಲರನ್ನು ಮೇಲಕ್ಕೆಳೆದುಕೊಳ್ಳಬೇಕೆನಿಸಿತು, ಎಳೆದುಕೊಂಡರೆ ಒಪ್ಪಿಕೊಂಡಂತೆ ಎಂದು ಹೆದರಿ ಬಿಟ್ಟನು.

ಬೀಸುವ ಗಾಳಿಗೆ ವಾಸನೆ ಹೋಯಿತು. ಸಮಾಧಾನವಾಗಬೇಕಿತ್ತು. ಆದರೆ ಓಡುತ್ತಿರುವವರೆಗೆ ಗಾಳಿ ಆಡುತ್ತಿರುತ್ತದೆ ಎಂದು ಮೆಕ್ಯಾನಿಕ್ಕನು ಹೇಳಿದ್ದು ನೆನಪಾಗಿ, ನಿಲ್ಲಿಸುವಂತಿಲ್ಲವೆಂಬುದು ಅವನಿಗೆ ಮೊದಲ ಬಾರಿಗೆ ಪೂರ್ತಿಯಾಗಿ ಹೊಳೆಯಿತು. ಹತ್ತಿದಷ್ಟೂ ಕಾಯುತ್ತದೆ, ನಿಲ್ಲಿಸಿದರೆ ಕಾದದ್ದೆಲ್ಲ ಹರಡುತ್ತದೆ. ಹಿಂದಿರುಗಿ ಇಳಿಯೋಣವೆಂದರೆ ಕಾರಣ ಹೇಳಬೇಕು. ಏನೆಂದು ಹೇಳುವುದು? ನೀವು ನಕ್ಕಿರೆಂದು ತಗಡು ಕಿತ್ತೆ ಎಂದೇ? ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಮೋಟು ಗೋಡೆ, ಅದರಾಚೆ ಬಿಸಿಲಲ್ಲಿ ಅಲುಗುವ ಆಳ. ಅವನ ಮನಸ್ಸು ತಾನಾಗಿಯೇ ಲೆಕ್ಕಕ್ಕೆ ತೊಡಗಿತು. ಹೆಂಡತಿ ಸೀಟಿನ ಪಟ್ಟಿ ಬಿಚ್ಚಿ ಇಳಿಯಬಲ್ಲಳು. ಮಾವನ ಬೆನ್ನ ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಅದರ ಹಿಡಿ ಕೆಟ್ಟು ತಿಂಗಳುಗಳಾಗಿವೆ. ಊರುಗೋಲುಗಳು ಸೀಟಿನ ಕೆಳಗೆ ಸಿಕ್ಕಿಕೊಂಡಿವೆ. ಪ್ಲಾಸ್ಟರ್ ಹಾಕಿದ ಕಾಲು ಮಡಚುವುದಿಲ್ಲ. ಹೊಗೆ ಮೊದಲು ಎಲ್ಲಿಂದ ಬರುತ್ತದೆ? ಡ್ಯಾಶ್‌ಬೋರ್ಡಿನ ಸಂದುಗಳಿಂದ ಬಂದೀತು. ಆಮೇಲೆ? ಆಮೇಲಿನದನ್ನು ಅವನು ಕಲ್ಪಿಸಿಕೊಂಡಾಗಲೆಲ್ಲ ತಾನು ಆಗಲೇ ರಸ್ತೆಯ ಮೇಲೆ ನಿಂತಿರುತ್ತಿದ್ದನು. ಹೇಗೆ ಇಳಿದೆ, ಯಾವಾಗ ಇಳಿದೆ ಎಂಬುದು ಆ ಚಿತ್ರದಲ್ಲಿರಲಿಲ್ಲ. ಮತ್ತೆ ಮೊದಲಿನಿಂದ ಆರಂಭಿಸಿ, ಬಾಗಿಲು ತೆರೆದು, ಮುದುಕರ ತೋಳಿಗೆ ಕೈ ಹಾಕಿ ಎಳೆಯುವಂತೆ ನೋಡಲು ಹೆಣಗಿದನು. ಆಗಲೂ ಕೊನೆಗೆ ತಾನೊಬ್ಬನೇ ಗೋಡೆಯ ಪಕ್ಕ ನಿಂತು ನೋಡುತ್ತಿದ್ದನು. ಅಲ್ಲಿ ಎಷ್ಟು ನಿಶ್ಶಬ್ದವಾಗಿತ್ತು! ಯಾರೂ ಅಳಿಯಂದಿರೇ ಎನ್ನುತ್ತಿರಲಿಲ್ಲ. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಆ ನಿಶ್ಶಬ್ದ ಹಿತವಾಗಿದೆಯೆಂದು ತನಗೆ ಅನ್ನಿಸಿದ್ದನ್ನು ಅವನು ಹಿಡಿದುಬಿಟ್ಟನು. ಹಾಗಾದರೆ ತಗಡನ್ನು ಕಿತ್ತ ಕೈ ಯಾವುದು? ಬೆಟ್ಟದ ಮೇಲಿನ ಹಿರಿಯ ಮಗಳ ಮನೆಗೆ ಇವರನ್ನು ಬಿಟ್ಟುಬರಲು ತಾನೇ ಮುಂದಾಗಿ ಹೊರಟದ್ದು, ಅಲ್ಲಿ ನೆಲಮಟ್ಟದಲ್ಲೇ ಕೋಣೆಯಿದೆ, ತಂಪಿದೆ ಎಂದು ವಾದಿಸಿದ್ದು, ಎಲ್ಲ ಯಾತಕ್ಕಾಗಿ? ಅವನು ತಲೆ ಕೊಡವಿದನು.

"ಏನಾಯ್ತು? ನೊಣವಾ?" ಎಂದರು ಮಾವ.

"ಹೂಂ, ನೊಣ."

"ನಂಗ್ ಯಾವ್ದೂ ಕಾಣಲಿಲ್ಲ."

ಮುಂದೆ ಲಾರಿಯೊಂದು ಏದುಸಿರು ಬಿಡುತ್ತ ಹತ್ತುತ್ತಿತ್ತು. ಅದನ್ನು ದಾಟಲು ರಸ್ತೆ ಸಾಲದು. ಕಾರು ನಡಿಗೆಯ ವೇಗಕ್ಕಿಳಿಯಿತು, ಗಾಳಿ ನಿಂತಿತು, ವಾಸನೆ ಮರಳಿತು. ಮರಳಿದ್ದಷ್ಟೇ ಅಲ್ಲದೆ, ಮಲ್ಲಿಗೆಯ ಪೌಡರನ್ನು ಸೀಳಿಕೊಂಡು ಗಂಟಲೊಳಗೆ ಬಂದು ಕೂತಿತು. ಮಾವನಿಗೂ ಅದು ಬಡಿದಿರಬೇಕೆಂದು ಕನ್ನಡಿಯಲ್ಲಿ ಕದ್ದು ನೋಡಿದನು. ಅವರು ಅವನ ಕತ್ತನ್ನು ನೋಡುತ್ತಿರಲಿಲ್ಲ. ಹೊರಗೂ ನೋಡುತ್ತಿರಲಿಲ್ಲ. ತುಟಿ ಬಿಗಿದು, ಮೊಣಕಾಲ ಮೇಲೆ ಎರಡೂ ಕೈಯಿಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನಂತೆ ಕೂತಿದ್ದರು. ಆ ಮುಖವನ್ನು ಅವನು ಎಂದೂ ಕಂಡಿರಲಿಲ್ಲ. ಗೊತ್ತಾಗಿದೆ, ಎಂದುಕೊಂಡನು, ನನ್ನ ಕಾರು ಉರಿಯುತ್ತಿರುವುದು ಇವರಿಗೆ ಗೊತ್ತಾಗಿದೆ, ಮಗಳು ಹೆದರುತ್ತಾಳೆಂದು ಸುಮ್ಮನಿದ್ದಾರೆ. ಅಷ್ಟರಲ್ಲಿ ಲಾರಿಯ ಹಿಂದಿನ ಕೆಂಪು ದೀಪಗಳು ಹೊತ್ತಿಕೊಂಡವು. ತಿರುವಿನಾಚೆ ರಸ್ತೆ ದುರಸ್ತಿ ನಡೆಯುತ್ತಿತ್ತು. ಕೆಂಪು ಬಾವುಟ ಹಿಡಿದವನೊಬ್ಬ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದನು. ಕಾರು ನಿಲ್ಲಿಸಿ ಎಂಜಿನ್ನು ಆರಿಸಿದನು. ಸದ್ದು ನುಸುಳದ ತನ್ನ ಕೋಣೆಯಲ್ಲಿ ಕೂತವನಿಗೆ ತನ್ನದೇ ರಕ್ತ ಕೇಳಿಸುವಂತೆ, ನಿಂತ ಕಾರಿನೊಳಗೆ ಅವನಿಗೆ ಬಾನೆಟ್ಟಿನ ಕೆಳಗಿನಿಂದ ಟಿಕ್, ಟಿಕ್ ಎಂದು ಕಾದ ಲೋಹ ಮಿಡಿಯುವುದು ಕೇಳಿಸಿತು. ನಿಂತ ಮೇಲೆ ಆ ಬಿಸಿ ಎಲ್ಲಿಗೆ ಹೋಗಬೇಕು?

ಆಮೇಲೆ ತಾನು ಮಾಡಿದ್ದು ಯಾವ ಕ್ರಮದಲ್ಲಿ ಎಂಬುದು ಅವನಿಗೆ ಎಂದೂ ಸ್ಪಷ್ಟವಾಗಲಿಲ್ಲ. ಕೈಯ ಬ್ರೇಕು ಎಳೆದು, ಇಳಿದು, ಹಿಂದಿನ ಬಾಗಿಲನ್ನು ಹೊರಗಿನಿಂದ ತೆರೆದಾಗ ಮಾವನ ಬೆನ್ನು ಅವನ ಎದೆಗೇ ಒರಗಿತು. "ಇಳೀರಿ ಮಾವ. ಇಳೀರಿ. ಬೇಗ."

"ಯಾಕೆ? ಊರು ಬಂತಾ?"

"ಏನಾಯ್ತ್ರೀ?" ಹೆಂಡತಿ ಕಣ್ಣು ತೆರೆದಳು.

"ನೀನೂ ಇಳಿ. ಕಾರಿಂದ ದೂರ ಹೋಗು. ನಾನು... ಎಂಜಿನ್ ಮೇಲಿನ ಒಂದು ತಗಡು ತೆಗೆದಿಟ್ಟಿದ್ದೆ. ಸದ್ದು ಮಾಡುತ್ತೆ ಅಂತ. ಬಿಸಿ ತಡೆಯೋದು ಅದು. ಬೆಂಕಿ ಹತ್ಕೊಬಹುದು." ಮಾತು ಹೊರಗೆ ಬಿದ್ದಮೇಲೆ ಅದು ಎಷ್ಟು ಪುಟ್ಟದಾಗಿತ್ತೆಂದು ಅವನಿಗೇ ಆಶ್ಚರ್ಯವಾಯಿತು. ಹೆಂಡತಿ ಒಂದು ಗಳಿಗೆ ಅವನನ್ನೇ ನೋಡಿ, "ಅಯ್ಯೋ ನಿಮ್ಮ!" ಎಂದಷ್ಟೇ ಹೇಳಿ, ಕರವಸ್ತ್ರವನ್ನು ಬಿಡದೆ ಇಳಿದು ಅಪ್ಪನ ಕಡೆ ಓಡಿಬಂದಳು. ಮುದುಕರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದರು. "ಊರುಗೋಲು ಕೊಡಿ, ನಾನೇ ಇಳಿತೀನಿ. ನನ್ನನ್ನ ಮೂಟೆ ಮಾಡ್ಬೇಡಿ." ಅವನು ಕೇಳಲಿಲ್ಲ. ಕಂಕುಳಿಗೆ ತೋಳು ಹಾಕಿ, ಇನ್ನೊಂದು ಕೈಯನ್ನು ಮೊಣಕಾಲ ಕೆಳಗೆ ತೂರಿಸಿದಾಗ ಅವರು ಕಿರುಚಿಕೊಂಡರು. "ಕಾಲು ಮುಟ್ಬೇಡ! ಕಾಲಿಗೆ ಕೈ ಹಾಕ್ಬೇಡ!" ಬಹುವಚನ ಎಲ್ಲೋ ಕಳಚಿಬಿದ್ದಿತ್ತು. ಲಾರಿಯ ಚಾಲಕ ತಲೆ ಹೊರಗೆ ಹಾಕಿ ನೋಡಿದ. ಬಾವುಟದವನು "ಗಾಡಿ ನಡುರಸ್ತೇಲಿ ಬಿಟ್ಟು ಎಲ್ಲಿಗ್ರೀ ಮೆರವಣಿಗೆ?" ಎಂದು ಕೂಗಿದ. ಅವನು ಮಾವನನ್ನು ಎತ್ತಿಕೊಂಡೇ ಓಡಿದನು; ಓಟವೆಂದರೆ ತತ್ತರಿಸುವ ಒಂದು ನಡಿಗೆ. ಅವರ ಎದೆ ಅವನ ತೋಳಿಗೆ ಬಡಿಯುತ್ತಿತ್ತು, ಮುಷ್ಟಿಯೊಳಗೆ ಹಿಡಿದ ಹಕ್ಕಿಯಂತೆ. ತಾನು ಇವರನ್ನು ಎಳೆದೆ, ಎಳೆದು ಹೊರಗೆ ತಂದೆ ಎಂಬುದಷ್ಟೇ ಅವನ ತಲೆಯಲ್ಲಿತ್ತು. ಮೋಟುಗೋಡೆಯ ಮೇಲೆ ಅವರನ್ನು ಕೂರಿಸಿ, ಕಾಲನ್ನು ಉದ್ದಕ್ಕೆ ಚಾಚಿಸಿ, ನೀರು ಕೇಳಿಕೊಂಡು ಬಾ ಎಂದು ಹೆಂಡತಿಯನ್ನು ಬಾವುಟದವನ ಬಳಿಗಟ್ಟಿದನು.

ಅವನು ಕಾರಿನತ್ತ ತಿರುಗುವಷ್ಟರಲ್ಲಿ ಮಾವ ಅವನ ಅಂಗಿಯ ತೋಳು ಹಿಡಿದರು. ಕೈ ತಣ್ಣಗಿತ್ತು.

"ನಿಮಗೂ ಬಂತಾ ಆ ವಾಸನೆ?" ಪಿಸುದನಿಯಲ್ಲಿ ಕೇಳಿದರು.

"ಬಂತು ಮಾವ."

"ಕಾರಿಂದಾ?"

"ಕಾರಿಂದಲೇ."

"ಖಂಡಿತಾ?" ಅವರ ಕಣ್ಣು ಅವನ ಮುಖದ ಮೇಲೆ ಅತ್ತಿತ್ತ ಓಡಿತು, ಕತ್ತನ್ನು ಅವರು ಮರೆತೇಬಿಟ್ಟಿದ್ದರು. "ಆಣೆ ಮಾಡಿ ಹೇಳಿ. ನಾನು ನನ್ನ ಕಾಲಿಂದು ಅಂದ್ಕೊಂಡಿದ್ದೆ. ಒಳಗೆ ಕೊಳೀತಿದೆ ಅಂತ. ನಿಮ್ಮನೇಲೂ ಬರ್ತಿತ್ತು, ರಾತ್ರಿಯೆಲ್ಲ ಬರ್ತಿತ್ತು. ಅದಕ್ಕೇ ಪೌಡರ್ ಸುರ್ಕೊತಿದ್ದೆ. ಮಗಳಿಗೆ ಹೇಳ್ಬೇಡಿ. ಕುಯ್ದು ಹಾಕ್ತಾರೆ ಅಂತ ಹೆದರಿ ಆಸ್ಪತ್ರೆಗೆ ಬರಲಿಲ್ಲ..." ಅವರು ನಗಲು ನೋಡಿದರು. "ಕಾರು ಕಿಟಕಿ ಕೆಳಗೇ ನಿಲ್ಲಿಸ್ತಿದ್ರಲ್ಲ ನೀವು? ಅದರ ವಾಸನೆಯೇ ಮೇಲೆ ಬಂದಿರ್ಬೇಕು. ಅಲ್ವಾ? ಹೋಗಿ ನೋಡಿ. ಹೋಗಿ, ಏನು ಸುಟ್ಟಿದೆ ನೋಡಿ ಬನ್ನಿ."

ಮೋಟುಗೋಡೆಯಿಂದ ಕಾರಿನವರೆಗಿನ ದೂರವನ್ನು ಅವನು ನಡೆದನು. ವಾರದ ಹಿಂದೆ ಪ್ಲಾಸ್ಟರ್ ತೋರಿಸಲು ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದ ದಿನ, ಅವನು ಬಾಗಿಲಲ್ಲಿ ನಿಂತು, "ಹೋಗೋಣವಾ ಮಾವ?" ಎಂದು ಕೇಳಿದ್ದನು. "ಟಿಕೆಟ್ ಪರೀಕ್ಷೆ ಮಾಡಿದೋನಿಗೇ ಪರೀಕ್ಷೆಯಾ? ಚೆನ್ನಾಗಿದ್ದೀನಿ, ನೀವು ಹೋಗಿ ಪೀಪಿ ಊದಿ," ಎಂದಿದ್ದರು. ಅವನ ಉದ್ಯೋಗಕ್ಕೆ ಅವರು ಇಟ್ಟ ಹೆಸರು ಅದು. ಎರಡನೆಯ ಸಲ ಅವನು ಕೇಳಲಿಲ್ಲ. ಗಾಲಿಕುರ್ಚಿಯಲ್ಲಿ ಅವರನ್ನು ಕೂರಿಸಿಕೊಂಡು, ಸಹೋದ್ಯೋಗಿಗಳೆಲ್ಲರ ಮುಂದೆ ಆ ಪೀಪಿಯ ಮಾತನ್ನು ಕೇಳಿಸಿಕೊಳ್ಳುತ್ತ ಉದ್ದದ ಓಣಿಯನ್ನು ದಾಟುವ ಕಷ್ಟ ತಪ್ಪಿತೆಂದು, ಮೆಟ್ಟಿಲಿಳಿಯುವಾಗ ಅವನಿಗೆ ಹಾಯೆನಿಸಿತ್ತು. ಬಾನೆಟ್ಟಿನ ಚಿಲಕಕ್ಕೆ ಬೆರಳು ಹಾಕಿದನು. ಸುಟ್ಟಿರಲಿ, ಎಂದು ಬೇಡಿಕೊಂಡನು. ಬೆಳಗಿನಿಂದ ಯಾವುದಕ್ಕೆ ನಡುಗಿದ್ದನೋ ಅದನ್ನೇ ಈಗ ಬೇಡುತ್ತಿದ್ದನು. ವೈರು ಕರಗಿರಲಿ, ಕೊಳವೆ ಬಾಯ್ಬಿಟ್ಟಿರಲಿ, ಹೊಗೆ ಏಳಲಿ, ಮುಖಕ್ಕೇ ಉರಿ ರಾಚಲಿ. ಬಾನೆಟ್ಟು ಎತ್ತಿದನು. ಒಣ ಬಿಸಿಯೊಂದು ಮುಖ ಸವರಿತು. ಕಾದ ಕಬ್ಬಿಣದ, ಧೂಳಿನ, ಎಣ್ಣೆಯ ವಾಸನೆ. ಯಾವ ಕಾರಿನಲ್ಲಾದರೂ ಇರುವಂಥದ್ದು. ಬತ್ತಲೆ ಟರ್ಬೊ ಕಂದು ಬಣ್ಣಕ್ಕೆ ತಿರುಗಿ ತನ್ನ ಪಾಡಿಗೆ ಕೂತಿತ್ತು. ಅದರ ಪಕ್ಕದ ವೈರುಗಳ ಕಪ್ಪು ಹೊದಿಕೆ ನುಣ್ಣಗಿತ್ತು. ಒಂದೊಂದನ್ನೂ ಬಗ್ಗಿ, ಬೆರಳು ಚುರುಗುಟ್ಟುವಂತೆ ಮುಟ್ಟಿ ನೋಡಿದನು. ಬ್ರೇಕ್ ಆಯಿಲ್ ಡಬ್ಬಿ ನೆಟ್ಟಗಿತ್ತು. ಬಾನೆಟ್ಟಿನ ಒಳಮೈಯಲ್ಲಿ ಒಂದು ಕಲೆಯೂ ಇರಲಿಲ್ಲ. ತಗಡು ಬೇಕಿರಲೇ ಇಲ್ಲ. ಆ ಸಿಹಿ ಕಮಟು ಅಲ್ಲಿ ಎಲ್ಲಿಯೂ ಇರಲಿಲ್ಲ. ಅವನ ಅಂಗಿಯ ತೋಳಿನಲ್ಲಿತ್ತು, ಮೊಣಕಾಲ ಕೆಳಗೆ ತೂರಿಸಿದ್ದ ಆ ತೋಳಿನಲ್ಲಿ. ಅಂಗೈಯನ್ನು ಮೂಗಿನ ಬಳಿಗೆ ತಂದು ತಕ್ಷಣ ಕೆಳಗಿಳಿಸಿದನು.

"ಏನಿದೆ ಅಳಿಯಂದಿರೇ?" ಗೋಡೆಯ ಕಡೆಯಿಂದ ಕೂಗು ಬಂತು.

ಅವನ ಮುಖ ಬಾನೆಟ್ಟಿನ ಮರೆಯಲ್ಲಿತ್ತು. ಅಲ್ಲಿಯೇ ನಿಂತು, ದನಿಯನ್ನು ಸರಿಪಡಿಸಿಕೊಂಡು ಹೇಳಿದನು: "ಸುಟ್ಟಿದೆ ಮಾವ! ವೈರೆಲ್ಲ ಸುಟ್ಟು ಕರಿಕಲಾಗಿದೆ!"

ಮುದುಕರು ನಕ್ಕರು. ಬೆಟ್ಟವೇ ಕೇಳುವಂತೆ ನಕ್ಕರು. "ಕೇಳಿದ್ರೇನ್ರೀ?" ಎಂದು ಲಾರಿಯ ಚಾಲಕನನ್ನು ಕರೆದು, "ನಮ್ಮಳಿಯಂದಿರು ಕಾರು ಸದ್ದು ಮಾಡುತ್ತೆ ಅಂತ ಅದರ ಬಾಯಿ ಮುಚ್ಚಿಸೋಕ್ ಹೋಗಿ ಹೊಟ್ಟೇನೇ ಸುಟ್ಟಿದ್ದಾರೆ! ಕಿವಿ ಡಾಕ್ಟ್ರ ಕೈಗೆ ಎಂಜಿನ್ ಕೊಟ್ರೆ ಇನ್ನೇನಾಗುತ್ತೆ?" ಎಂದರು. ಚಾಲಕ ಹಲ್ಲು ಕಿರಿದ. ಇತ್ತ ಅಳಿಯ ಬಾನೆಟ್ಟು ಇಳಿಸಿ, ಯಾರೂ ಹತ್ತಿರ ಬಂದು ನೋಡದಂತೆ ಬಲವಾಗಿ ಒತ್ತಿ, ಗೋಡೆಯ ಬಳಿಗೆ ನಡೆದನು. ಮಾವನ ಕಾಲ ಬಳಿ ಕೂತನು. ಪ್ಲಾಸ್ಟರಿನ ತುದಿಯಲ್ಲಿ ಬೆರಳುಗಳು ಪೌಡರಿನಿಂದ ಬೆಳ್ಳಗಿದ್ದವು. ಪೌಡರು ಉದುರಿದಲ್ಲಿ ಚರ್ಮ ಊದಿ, ನೇರಳೆಗೆ ತಿರುಗಿ ಹೊಳೆಯುತ್ತಿತ್ತು. ಹಿಮ್ಮಡಿಯ ಕೆಳಗೆ ಹಳದಿ ಒದ್ದೆಯೊಂದು ಹರಡಿತ್ತು. ಹೆಬ್ಬೆರಳನ್ನು ಮೆಲ್ಲನೆ ಒತ್ತಿದನು, ಆಮೇಲೆ ಉಗುರೂರಿ ಚಿವುಟಿದನು. ಮುದುಕರು ಚಾಲಕನಿಗೆ ಹಾರ್ನಿನ ಕಥೆ ಹೇಳುವುದರಲ್ಲಿದ್ದರು. ಕೆಳಗೆ ನೋಡಲೂ ಇಲ್ಲ.

ಹೆಂಡತಿ ನೀರಿನ ಬಾಟಲಿ ಹಿಡಿದು ಬಂದಳು. "ಎಷ್ಟು ಸುಟ್ಟಿದೆ?" ಎಂದಳು. ಅವನು ಅವಳ ಕೈಯಲ್ಲಿದ್ದ ಕರವಸ್ತ್ರವನ್ನು ಅವಳ ಮೂಗಿನಿಂದ ತೆಗೆದು ತನ್ನ ಜೇಬಿಗಿಟ್ಟುಕೊಂಡನು. ಅವಳು ಮೂಗರಳಿಸಿ ಗಾಳಿಯನ್ನು ಒಮ್ಮೆ ಒಳಗೆಳೆದುಕೊಂಡಳು. ಅವಳ ದೃಷ್ಟಿ ಕಾರಿನತ್ತ ಹೋಗಿ, ಅಲ್ಲಿಂದ ನಿಧಾನವಾಗಿ ಅಪ್ಪನ ಕಾಲಿಗೆ ಇಳಿಯಿತು.

"ಆಸ್ಪತ್ರೆಗೆ ಫೋನ್ ಮಾಡು," ಎಂದು ಅವಳಿಗಷ್ಟೇ ಕೇಳುವಂತೆ ಹೇಳಿದನು. "ಈಗ್ಲೇ ಬರ್ತಿದ್ದೀವಿ ಅಂತ. ಇವರ ಮುಂದೆ ಏನೂ ಮಾತಾಡ್ಬೇಡ." ಆಮೇಲೆ ದನಿಯೇರಿಸಿ, "ಈ ಸ್ಥಿತೀಲಿ ಏರು ಹತ್ತೋಕಾಗಲ್ಲ ಮಾವ. ಇಳಿಜಾರಾದ್ರೆ ಎಂಜಿನ್‌ಗೆ ಭಾರ ಬೀಳಲ್ಲ. ಕೆಳಗೆ ಮೆಕ್ಯಾನಿಕ್ ಇದ್ದಾನೆ, ಹೋಗಿಬಿಡೋಣ," ಎಂದನು.

"ಬೆಂಕಿ ಹತ್ತುತ್ತೆ ಅಂದ್ರಿ?"

"ಈಗ ತಣ್ಣಗಾಗಿದೆ."

"ಯಾವ ಮೆಕ್ಯಾನಿಕ್?"

"ಆಸ್ಪತ್ರೆ ಹಿಂದಿನ ಬೀದಿಯವನು."

ಮುದುಕರ ಮುಖದಲ್ಲಿ ನಗೆ ಅರೆಗಳಿಗೆ ತಡವರಿಸಿತು. ಅವರು ಅವನನ್ನು ನೋಡಿದರು. ಅವನು ಮುಖ ತಿರುಗಿಸಿ, ಅವರಿಗೆ ಕತ್ತು ಕಾಣುವಂತಾಯಿತೆಂದು ತಿಳಿದು, ಮತ್ತೆ ನೇರವಾಗಿ ನೋಡಿದನು. "ನಡೀರಿ ಹಾಗಾದ್ರೆ," ಎಂದರು ಅವರು. "ಹುಷಾರು, ಎತ್ತುವಾಗ ಮೂಟೆ ಮಾಡ್ಬೇಡಿ."

ಬಾವುಟದವನು ಬೈಯುತ್ತಲೇ ಜಾಗ ಮಾಡಿಕೊಟ್ಟ. ಕಾರು ತಿರುಗಿ ಇಳಿಯತೊಡಗಿತು. ಅವನು ಎಲ್ಲ ಕಿಟಕಿಗಳನ್ನೂ ತೆರೆದನು. ಈಗ ಅವಳು ಹಿಂದಿನ ಸೀಟಿನಲ್ಲಿ, ಅಪ್ಪನ ಕಾಲನ್ನು ಮಡಿಲಲ್ಲಿಟ್ಟುಕೊಂಡು, ತಿರುವು ತಿರುವಿಗೂ ಬಿಳಿಚಿಕೊಳ್ಳುತ್ತ, ಮೂಗು ಮುಚ್ಚದೆ ಕೂತಿದ್ದಳು. ಮಾವ ಒಂದೇ ಸಮನೆ ಮಾತಾಡುತ್ತಿದ್ದರು. ತಗಡಿಲ್ಲದ ಕಾರು, ಬುದ್ಧಿಯಿಲ್ಲದ ಅಳಿಯ, ಹಿರಿಯ ಮಗಳ ಮನೆಗೆ ಹೋದ ಮೇಲೆ ಇದನ್ನು ಅವಳಿಗೆ ಹೇಗೆ ಹೇಳಬೇಕು, ಯಾವ ಜಾಗದಲ್ಲಿ ನಿಲ್ಲಿಸಿ ಯಾವ ಜಾಗದಲ್ಲಿ ನಗಿಸಬೇಕು. ಒಂದೊಂದು ಮಾತೂ ಬಂದು ಅವನ ಬೆನ್ನಿಗೆ ತಾಗುತ್ತಿತ್ತು, ಪ್ರತಿಯೊಂದು ತಾಗಿದಾಗಲೂ ಅವನು ಉಸಿರು ಬಿಡುತ್ತಿದ್ದನು. ಬಯಲಿಗೆ ಇಳಿಯುವ ಹೊತ್ತಿಗೆ ಮಾತುಗಳ ನಡುವಿನ ಅಂತರ ಹೆಚ್ಚಾಯಿತು. ಒಂದು ವಾಕ್ಯ ಅರ್ಧಕ್ಕೆ ನಿಂತು, ಎಷ್ಟೋ ಹೊತ್ತಿನ ಮೇಲೆ ಬೇರೆ ಕಡೆಯಿಂದ ಮುಂದುವರಿಯಿತು. "ಮೈ ಸ್ವಲ್ಪ ಬಿಸಿಯಾಗಿದೆ ರೀ," ಎಂದಳು ಹೆಂಡತಿ. ಅವನು ಕನ್ನಡಿಯಲ್ಲಿ ನೋಡಿದನು. ಮುದುಕರ ತಲೆ ಕಿಟಕಿಯ ಚೌಕಟ್ಟಿಗೆ ಒರಗಿತ್ತು. ಕಣ್ಣು ಅರ್ಧ ಮುಚ್ಚಿತ್ತು.

"ಮಾವ," ಎಂದನು. "ಮಾವ, ಹೇಳಿ. ತಗಡು ತೆಗೆದು ಎಲ್ಲಿಟ್ಟೆ ಅಂತ ನೀವು ಕೇಳಲೇ ಇಲ್ವಲ್ಲ."

"ಎಲ್ಲಿಟ್ರಿ?" ದನಿ ಬಹಳ ಆಳದಿಂದ ಬಂತು.

"ಹೂಕುಂಡದ ಹಿಂದೆ. ಕದ್ದ ಮಾಲಿನ ಥರ ಕಂಕುಳಲ್ಲಿಟ್ಕೊಂಡ್ ಹೋದೆ."

ಮುದುಕರ ತುಟಿಯ ಮೂಲೆ ಅಲುಗಿತು. ಅವನು ದೀಪ ಹೊತ್ತಿಸಿ, ಹಾರ್ನಿನ ಮೇಲೆ ಅಂಗೈಯೂರಿ, ಆ್ಯಕ್ಸಿಲರೇಟರನ್ನು ತಳಕ್ಕೆ ಒತ್ತಿದನು. "ಇನ್ನೂ ಇದೆ ಮಾವ," ಎಂದು ಗಟ್ಟಿಯಾಗಿ ಕೂಗಿದನು, "ಮೆಕ್ಯಾನಿಕ್ ಹತ್ರ ಹೋಗಿ ಸ್ನೇಹಿತನ ಕಾರು ಅಂತ ಸುಳ್ಳು ಬೇರೆ ಹೇಳ್ದೆ. ಕೇಳಿಸ್ತಾ? ನಗಿ ಮಾವ. ನಿದ್ದೆ ಮಾಡ್ಬೇಡಿ, ನಗಿ."